ಎರಿ ಧೂಳಿಗೊಂದು ಅಲ್ಯೂಮಿನಿಯಂ ಪೆಟ್ಟಿಗೆ

ಸಂಶಿಯ ಎರಿ ಹೊಲದ ಮಣ್ಣಿನಲ್ಲಿ ಅಲ್ಯೂಮಿನಿಯಂ ಇದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಕರಿ ಜೇಡಿಯ ಒಂದೊಂದು ಕಣವೂ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಆದ ಹಾಳೆಗಳ ಪದರ. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ ಸುಮಾರು 8 ಪಾಲು ಇದೇ ಲೋಹ. ಕಬ್ಬಿಣ ಕೂಡ ಅಷ್ಟಿಲ್ಲ. ಆದರೆ ಜೇಡಿಯೊಳಗಿನ ಅಲ್ಯೂಮಿನಿಯಂ ಸಿಲಿಕಾನಿನ ಜೊತೆ ಬಿಗಿಯಾಗಿ ಹೆಣೆದುಕೊಂಡಿರುತ್ತದೆ, ಅದನ್ನು ಬಿಡಿಸುವುದು ಲಾಭದ ಕೆಲಸವಲ್ಲ. ಅದಕ್ಕೆ ಬಾಕ್ಸೈಟ್ ಬೇಕು. ಸಂಶಿಯಿಂದ ಹುಬ್ಬಳ್ಳಿ, ಧಾರವಾಡ ದಾಟಿ ಬೆಳಗಾವಿಗೆ ಹೋದರೆ ಊರಂಚಿನ ಯಮನಾಪುರದಲ್ಲಿ ಹಿಂಡಾಲ್ಕೋ ಕಾರ್ಖಾನೆ ಸಿಗುತ್ತದೆ. ಹಿಂದೆ ಅದು ಇಂಡಾಲ್. ಸಹ್ಯಾದ್ರಿಯ ನೆತ್ತಿಯ ಮೇಲಿನ ಕೆಂಪು ಬಾಕ್ಸೈಟನ್ನು, ಕೊಲ್ಲಾಪುರ ಜಿಲ್ಲೆಯ ದುರ್ಗಮಾನವಾಡಿ ಕಡೆಯದನ್ನೂ, ತಂದು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಬಿಳಿ ಅಲ್ಯೂಮಿನಾ ಪುಡಿ ಮಾಡುವ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ. ಒಂದು ಕಾಲಕ್ಕೆ ಆ ಪುಡಿಯಿಂದ ಲೋಹವನ್ನೂ ಅಲ್ಲೇ ತೆಗೆಯುತ್ತಿದ್ದರು. ಒಂದು ಕಿಲೋ ಲೋಹಕ್ಕೆ ಹೆಚ್ಚುಕಡಿಮೆ 14 ಯೂನಿಟ್ ವಿದ್ಯುತ್ ಬೇಡುವ ಆ ಕೆಲಸ ಅಲ್ಲಿ ನಿಂತುಹೋಯಿತು, ಅಲ್ಯೂಮಿನಾ ಉಳಿಯಿತು.

ಈ ಲೋಹದ ಕಥೆಯನ್ನು ಎತ್ತಿಕೊಂಡಿರುವುದಕ್ಕೆ ಕಾರಣ ಒಂದು ಪೆಟ್ಟಿಗೆ. ಊರಲ್ಲಿ ಸಿಪಿಯು ಎಂದೂ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಕ್ಯಾಬಿನೆಟ್ ಎಂದೂ ಕರೆಯುವ ಡೆಸ್ಕ್‌ಟಾಪ್ ಕಂಪ್ಯೂಟರಿನ ಹೊರಕವಚ. ಕುಂದಗೋಳ ತಾಲ್ಲೂಕಿನ ಸಂಶಿಯಂಥ ದೊಡ್ಡ ಊರಿನಲ್ಲಿ ಈಗ ಇಂಥ ಪೆಟ್ಟಿಗೆಗಳು ಎಷ್ಟು ಕಡೆ ಇವೆ ನೋಡಿ: ಗ್ರಾಮ ಪಂಚಾಯಿತಿ, ಶಾಲೆ, ಸೊಸೈಟಿ, ಬ್ಯಾಂಕು, ಗ್ರಾಮ ಒನ್, ಜೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಉತಾರ, ಅಂದರೆ ಪಹಣಿ, ಕಂಪ್ಯೂಟರಿಗೆ ಹೋದ ಮೇಲೆ ರೈತನ ಹೊಲದ ಲೆಕ್ಕ ಇಂಥದೇ ಪೆಟ್ಟಿಗೆಗಳ ಮೂಲಕ ಅವನ ಕೈಗೆ ಬರುತ್ತಿದೆ. ಮನೆಯ ಉತಾರಕ್ಕೆ ಇ-ಸ್ವತ್ತು, ಪಿಂಚಣಿಗೆ, ಬೆಳೆವಿಮೆಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಎಲ್ಲದಕ್ಕೂ ಅದು ಚಾಲೂ ಇರಲೇಬೇಕು. ಅದು ಬಂದ್ ಬಿದ್ದ ದಿನ ಊರಿನ ಮಂದಿ ಕುಂದಗೋಳದ ಬಸ್ಸು ಹತ್ತಬೇಕು.

ಮೊದರ್‌ಬೋರ್ಡು ಯಾವುದು, ಪ್ರೊಸೆಸರ್ ಯಾವ ತಲೆಮಾರಿನದು, ರ‍್ಯಾಮ್ ಎಷ್ಟು ಎಂದು ಕೊಳ್ಳುವಾಗ ಎಲ್ಲರೂ ಕೇಳುತ್ತಾರೆ. ಪೆಟ್ಟಿಗೆಯ ಬಗ್ಗೆ ಕೇಳುವವರು ಕಡಿಮೆ. ಕೇಳಿದರೂ ‘ಚಂದ ಕಾಣ್ತೈತಿಲ್ಲೊ’ ಎನ್ನುವಷ್ಟಕ್ಕೇ ಮುಗಿಯುತ್ತದೆ. ಇದು ಸರಿಯಲ್ಲ. ಎರಿ ಸೀಮೆಯಲ್ಲಿ ಕಂಪ್ಯೂಟರಿನ ಆಯುಷ್ಯ ಎಷ್ಟು ಎಂಬುದನ್ನು ಒಳಗಿನ ಚಿಪ್ಪುಗಳಿಗಿಂತ ಹೊರಗಿನ ಪೆಟ್ಟಿಗೆಯೇ ಹೆಚ್ಚು ನಿರ್ಧರಿಸುತ್ತದೆ.

ತಗಡಿನಿಂದ ಲೋಹದ ಗೋಪುರಕ್ಕೆ

1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ಹೊರತಂದಾಗ ಅದರ ಮೈ ದಪ್ಪ ಉಕ್ಕಿನದು, ಮೇಜಿನ ಮೇಲೆ ಅಡ್ಡ ಮಲಗುವಂಥದು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ರೂಪಿಸಿತು. ಮೊದರ್‌ಬೋರ್ಡು 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ, ತೂತುಗಳು ಇಂತಿಂಥಲ್ಲೇ. ಒಬ್ಬರ ಬೋರ್ಡು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರುವಂತಾದದ್ದು ಆಗಿನಿಂದ. ಆ ಮೇಲೆ ಚಿಕ್ಕ ಅಳತೆಗಳೂ ಬಂದವು: 244 ಮಿಲಿಮೀಟರ್ ಚೌಕದ ಮೈಕ್ರೊ ಎಟಿಎಕ್ಸ್, 2001ರಲ್ಲಿ ತೈವಾನಿನ ವಿಯಾ ಕಂಪನಿಯ 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್. ಪೆಟ್ಟಿಗೆ ಮಾಡುವವರಿಗೆ ಇದರಿಂದ ದೊಡ್ಡ ಮಾರುಕಟ್ಟೆ ತೆರೆಯಿತು. ತೈವಾನಿನ ಲಿಯಾನ್ ಲಿ ಗೆರೆ ಎಳೆದಂತೆ ಉಜ್ಜಿದ ಅಲ್ಯೂಮಿನಿಯಂ ಪೆಟ್ಟಿಗೆಗಳಿಂದಲೇ ಹೆಸರು ಮಾಡಿತು.

ಜಗತ್ತಿನ ಕಣ್ಣು ತೆರೆಸಿದ್ದು ಮಾತ್ರ 2003ರ ಆ್ಯಪಲ್ ಪವರ್ ಮ್ಯಾಕ್ ಜಿ5. ಅದಕ್ಕೂ ಹಿಂದಿನ ಜಿ4 ಪ್ಲಾಸ್ಟಿಕ್ಕಿನದು. ಜಿ5 ಪೂರ್ತಿ ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಹಿಂದೆ ಮುಂದೆ ಸಣ್ಣ ತೂತುಗಳ ಜಾಲರಿ, ಮೇಲೆ ಕೆಳಗೆ ಬಾಗಿಸಿದ ಹಿಡಿಕೆ. ಅದರ ಬುದ್ಧಿವಂತಿಕೆ ನೋಟದಲ್ಲಿರಲಿಲ್ಲ. ಒಳಗಿನ ಜಾಗವನ್ನು ನಾಲ್ಕು ವಲಯಗಳಾಗಿ ಸೀಳಿ, ಪ್ರೊಸೆಸರಿಗೆ ಬೇರೆ, ಕಾರ್ಡುಗಳಿಗೆ ಬೇರೆ, ಡಿಸ್ಕುಗಳಿಗೆ ಬೇರೆ, ವಿದ್ಯುತ್ ಘಟಕಕ್ಕೆ ಬೇರೆ ಗಾಳಿ ಹಾಯುವಂತೆ ಮಾಡಿದ್ದರು. ಒಂಬತ್ತು ಫ್ಯಾನುಗಳು, ಯಾವ ವಲಯ ಬಿಸಿಯೋ ಅಲ್ಲಿಯ ಫ್ಯಾನು ಮಾತ್ರ ಜೋರು. ಅಲ್ಯೂಮಿನಿಯಂ ಎಂದರೆ ಹಗುರ ಎಂದುಕೊಂಡವರಿಗೆ ಇನ್ನೊಂದು ಮಾತು: ಆ ಯಂತ್ರ ಎತ್ತಲು ಹೋದರೆ ಹದಿನೇಳು ಹದಿನೆಂಟು ಕಿಲೋ. 2019ರ ಮ್ಯಾಕ್ ಪ್ರೊದಲ್ಲಿ ಮತ್ತೆ ಅಂಥದೇ ಅಲ್ಯೂಮಿನಿಯಂ ಹೊದಿಕೆ ಬಂತು. ಒಳಗಿನ ಎಲುಬು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದು. ಲೋಹದ ಗುಣ ಬಲ್ಲವರು ಒಂದೇ ಲೋಹಕ್ಕೆ ಜೋತುಬೀಳುವುದಿಲ್ಲ.

ಗುಣದ ಲೆಕ್ಕವನ್ನು ಇಲ್ಲೇ ಮಾಡಿಬಿಡೋಣ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ. ಬಾಗಿಸಲು ಹೋದಾಗ ತಡೆಯುವ ಬಲದಲ್ಲಿ ಉಕ್ಕು ಮೂರು ಪಟ್ಟು ಗಟ್ಟಿ. ಆದರೆ ತಗಡಿನ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 0.8 ಮಿಲಿಮೀಟರ್ ಉಕ್ಕಿನ ತಗಡಿನಷ್ಟೇ ಬಿಗುವು ಬೇಕಾದರೆ ಅಲ್ಯೂಮಿನಿಯಂ ಸುಮಾರು 1.15 ಮಿಲಿಮೀಟರ್ ಸಾಕು, ತೂಕ ಅರ್ಧ. ಒಳ್ಳೆಯ ತಯಾರಕರು ಒಂದೂವರೆ, ಎರಡು ಮಿಲಿಮೀಟರ್ ಕೊಡುತ್ತಾರೆ. ತೂಕದ ಉಳಿತಾಯ ಅಲ್ಲಿಗೆ ಕರಗುತ್ತದೆ. ಕಡಿಮೆ ದರದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಒಂದು ಮಿಲಿಮೀಟರಿಗಿಂತ ತೆಳು ತಗಡು ಹಾಕಿರುತ್ತಾರೆ, ಫ್ಯಾನು ತಿರುಗಿದರೆ ಅದು ಗುಂಯ್‌ಗುಡುತ್ತದೆ. ಅದನ್ನು ಕೊಳ್ಳಬಾರದು. ಅದರ ಬದಲು ಉಕ್ಕಿನದೇ ಲೇಸು.

ತಂಪಿನ ಮಾತು

‘ಅಲ್ಯೂಮಿನಿಯಂ ಪೆಟ್ಟಿಗೆ ತಂಪಾಗಿರತೈತ್ರಿ’ ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಮಾತು. ಶಾಖವನ್ನು ಸಾಗಿಸುವುದರಲ್ಲಿ ಈ ಲೋಹ ಉಕ್ಕಿಗಿಂತ ಮೂರು ನಾಲ್ಕು ಪಟ್ಟು ಮುಂದು ಎಂಬುದು ನಿಜ. ಅದರಿಂದ ಪೆಟ್ಟಿಗೆ ತಂಪಾಗುತ್ತದೆ ಎಂಬುದು ಬಹಳ ಸಲ ನಿಜವಲ್ಲ.

ಒಂದು ಲೆಕ್ಕ ಹಾಕಿ. 50 ವ್ಯಾಟ್ ಶಾಖ 40 ಸೆಂಟಿಮೀಟರ್ ಚೌಕದ ಒಂದು ಬದಿಯ ತಗಡಿನ ಮೂಲಕ ಹೊರಗೆ ಹೋಗಬೇಕು ಎಂದುಕೊಳ್ಳೋಣ. 0.8 ಮಿಲಿಮೀಟರ್ ಉಕ್ಕಿನ ತಗಡಾದರೆ ಒಳಮೈಗೂ ಹೊರಮೈಗೂ ನಡುವೆ ಉಷ್ಣತೆಯ ವ್ಯತ್ಯಾಸ ಒಂದು ಡಿಗ್ರಿಯ ಇನ್ನೂರರಲ್ಲಿ ಒಂದು ಪಾಲು. ಅಲ್ಯೂಮಿನಿಯಂ ಆದರೆ ಅದಕ್ಕಿಂತಲೂ ಕಡಿಮೆ. ಆದರೆ ಆ ತಗಡಿನ ಹೊರಮೈಯಿಂದ ನಿಶ್ಚಲ ಗಾಳಿಗೆ ಅದೇ ಶಾಖ ದಾಟಲು ಸುಮಾರು 30 ಡಿಗ್ರಿಯ ವ್ಯತ್ಯಾಸ ಬೇಕಾಗುತ್ತದೆ. ಅಡ್ಡಿ ಇರುವುದು ಲೋಹದಲ್ಲಲ್ಲ, ಮೈಗೆ ಅಂಟಿ ನಿಂತ ಗಾಳಿಯಲ್ಲಿ. ತಗಡು ಯಾವುದಾದರೂ, ಫ್ಯಾನಿರುವ ಮಾಮೂಲಿ ಕಂಪ್ಯೂಟರಿನ ತಂಪು, ಗಾಳಿಯ ದಾರಿಯನ್ನೇ ನೆಚ್ಚಿಕೊಂಡಿದೆ.

ಆ ಗಾಳಿಯ ಪ್ರಮಾಣವನ್ನೂ ತಿಳಿಯಬೇಕು. ಪಂಚಾಯಿತಿ ಆಫೀಸಿನ ಸಾಮಾನ್ಯ ಯಂತ್ರ 60 ವ್ಯಾಟ್ ಬಳಸಿದರೆ, ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಕಾಯದಿರಲು ಸೆಕೆಂಡಿಗೆ ಐದು ಲೀಟರ್ ಗಾಳಿ ಅದರ ಮೂಲಕ ಹಾಯಬೇಕು. ಎಂಟು ತಾಸಿಗೆ ಸುಮಾರು 150 ಘನ ಮೀಟರ್. ಹತ್ತು ಹನ್ನೆರಡು ಅಡಿಯ ಒಂದು ಕೋಣೆಯಲ್ಲಿರುವ ಗಾಳಿಯೆಲ್ಲ ದಿನಕ್ಕೆ ನಾಲ್ಕೈದು ಸಲ ಆ ಪೆಟ್ಟಿಗೆಯ ಹೊಟ್ಟೆಯನ್ನು ಹೊಕ್ಕು ಹೊರಬಂದಂತೆ.

ಆ ಗಾಳಿಯಲ್ಲಿ ಏನಿರುತ್ತದೆ? ಇಲ್ಲಿಗೆ ಬಂದಾಗ ಸಂಶಿಗೂ ಬೆಂಗಳೂರಿಗೂ ದಾರಿ ಬೇರೆಯಾಗುತ್ತದೆ.

ಹತ್ತಿ, ಮೆಣಸಿನಕಾಯಿ, ಆಷಾಢದ ಗಾಳಿ

ಎರಿ ಮಣ್ಣಿನಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಜೇಡಿಯ ಕಣ. ಜೇಡಿ ಎಂದರೆ ಎರಡು ಮೈಕ್ರಾನಿಗಿಂತ ಸಣ್ಣದು. ಇಂಥ ಕಣ ಒಮ್ಮೆ ಎದ್ದರೆ ನೆಲಕ್ಕೆ ಬೇಗ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹಾದರೆ ಸಾಕು, ಬಂಡಿದಾರಿಯ ಧೂಳು ಅರ್ಧ ತಾಸು ಗಾಳಿಯಲ್ಲಿ ನಿಲ್ಲುತ್ತದೆ. ಆಷಾಢದಲ್ಲಿ ಈ ಬಯಲಿನ ಮೇಲೆ ಬೀಸುವ ಗಾಳಿಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅಡ್ಡಗಟ್ಟಲು ಗುಡ್ಡವಿಲ್ಲ, ದಟ್ಟ ಮರಗಳಿಲ್ಲ. ಕಿಟಕಿಯ ಸಂದಿಯಲ್ಲಿ ಸೀಟಿ ಹೊಡೆಯುತ್ತ ಬರುತ್ತದೆ.

ಬರೀ ಮಣ್ಣಾದರೆ ಒಂದು ಮಾತು. ಹತ್ತಿ ಬಿಡಿಸುವ ಕಾಲಕ್ಕೆ ಅರಳೆಯ ಎಳೆ ಹಾರುತ್ತದೆ, ಗಾಡಿ ತುಂಬುವಲ್ಲಿ, ಗೋದಾಮಿನಲ್ಲಿ, ಮನೆಯ ಪಡಸಾಲೆಯಲ್ಲಿ. ಬ್ಯಾಡಗಿ ತಳಿಯ ಮೆಣಸಿನಕಾಯಿ ಈ ಸೀಮೆಯ ದೊಡ್ಡ ಬೆಳೆ. ಒಣಗಿಸುವ ಕಣದಿಂದ ಖಾರ ಕುಟ್ಟುವ ಗಿರಣಿಯ ತನಕ ಅದರ ಸಣ್ಣ ಪುಡಿ ಗಾಳಿಯಲ್ಲಿರುತ್ತದೆ, ಆ ಪುಡಿಗೆ ಎಣ್ಣೆಯ ಅಂಶ. ಎಳೆ ಬಲೆ ಹೆಣೆಯುತ್ತದೆ, ಎಣ್ಣೆ ಅಂಟು ಕೊಡುತ್ತದೆ, ಜೇಡಿ ತುಂಬಿಕೊಳ್ಳುತ್ತದೆ. ಆರು ತಿಂಗಳು ತೆಗೆಯದ ಕಂಪ್ಯೂಟರಿನ ಹೀಟ್‌ಸಿಂಕಿನ, ಅಂದರೆ ಪ್ರೊಸೆಸರಿನ ಶಾಖ ಹೊರಹಾಕುವ ರೆಕ್ಕೆಯುಳ್ಳ ಲೋಹದ ಗಟ್ಟಿಯ, ಮೇಲೆ ಕುರುಬರ ಕಂಬಳಿಯಂತೆ ಒಂದು ಹೊದಿಕೆ ಕೂತಿರುತ್ತದೆ. ರೆಕ್ಕೆಗಳ ನಡುವೆ ಗಾಳಿ ಹಾಯುವುದು ನಿಂತು, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಯಂತ್ರ ‘ಸ್ಲೋ ಆಗೈತಿ’ ಎಂದು ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಕಾಯಿಲೆ ಸಾಫ್ಟ್‌ವೇರಿನದಲ್ಲ.

ಮಳೆಗಾಲ ಬಂದಾಗ ಇನ್ನೊಂದು ಆಟ. ಎರಿ ಮಣ್ಣನ್ನು ಉಬ್ಬಿಸುವ ಸ್ಮೆಕ್ಟೈಟ್ ಜೇಡಿ ಪದರಗಳ ನಡುವೆ ನೀರನ್ನು ಎಳೆದುಕೊಳ್ಳುವ ಜಾತಿ. ಹೊಲದಲ್ಲಿ ಹಿಂಗಾರಿ ಜೋಳಕ್ಕೆ, ಕಡಲೆಗೆ ತೇವ ಹಿಡಿದಿಡುವ ಅದೇ ಗುಣ ಬೋರ್ಡಿನ ಮೇಲೆ ಕೂತ ಧೂಳಿನಲ್ಲೂ ಇರುತ್ತದೆ. ತೇವ ಹಿಡಿದ ಧೂಳಿನಲ್ಲಿ ಲವಣವೂ ಇರುವುದರಿಂದ ಸಣ್ಣ ಸಣ್ಣ ಕಾಲುಗಳ ನಡುವೆ ವಿದ್ಯುತ್ ಸೋರುತ್ತದೆ. ಜುಲೈ ತಿಂಗಳ ಮುಂಜಾನೆ ಚಾಲೂ ಆಗದ ಯಂತ್ರ ಮಧ್ಯಾಹ್ನ ತಾನೇ ಚಾಲೂ ಆಗುವುದಕ್ಕೆ ಅನೇಕ ಸಲ ಇದೇ ಕಾರಣ.

ಇನ್ನು ಪೆಟ್ಟಿಗೆಯ ವಿನ್ಯಾಸ ಇದನ್ನು ಹೇಗೆ ಎದುರಿಸುತ್ತದೆ ಎಂಬ ಮಾತಿಗೆ ಬರೋಣ. ಈಚಿನ ಪೆಟ್ಟಿಗೆಗಳಲ್ಲಿ ಬಹಳಷ್ಟು ನಮ್ಮ ಸೀಮೆಗೆ ತಿರುಗುಮುರುಗಾಗಿವೆ. ವಿದ್ಯುತ್ ಘಟಕ, ಅಂದರೆ ಎಸ್‌ಎಂಪಿಎಸ್, ಹಳೆಯ ಪೆಟ್ಟಿಗೆಗಳಲ್ಲಿ ಮೇಲಿರುತ್ತಿತ್ತು. ಈಗ ಕೆಳಗೆ ಕೂತು ತಳದಿಂದ ಗಾಳಿ ಎಳೆಯುತ್ತದೆ. ಗಾಜಿನ ಮೇಜಿನ ಮೇಲೆ ಅದು ಸೊಗಸು. ಪಂಚಾಯಿತಿ ಆಫೀಸಿನಲ್ಲಿ ಪೆಟ್ಟಿಗೆ ನೆಲದ ಮೇಲೆ ಮೇಜಿನ ಕಾಲಿಗೆ ಒರಗಿ ನಿಂತಿರುತ್ತದೆ. ದಿನಾ ಮುಂಜಾನೆ ಕಸಬರಿಗೆ ಆಡಿದಾಗ ಏಳುವ ಧೂಳೆಲ್ಲ ನೆಲದಿಂದ ಒಂದಡಿ ಎತ್ತರದೊಳಗೇ ದಟ್ಟವಾಗಿರುವುದು, ಪೆಟ್ಟಿಗೆಯ ಬಾಯಿ ಇರುವುದೂ ಅಲ್ಲೇ. ಬದಿಗೆ ಗಾಜು, ಮುಂದೆ ಮುಚ್ಚಿದ ಫಲಕ, ಒಳಗೆ ಬಣ್ಣದ ದೀಪ ಇರುವವಂತೂ ಉಸಿರಾಡಲು ಒಂದು ಬೆರಳು ಸಂದಿಯನ್ನಷ್ಟೇ ಬಿಟ್ಟಿರುತ್ತವೆ.

ನಮಗೆ ಬೇಕಾದ ಪೆಟ್ಟಿಗೆಯಲ್ಲಿ ಗಾಳಿ ಒಂದೇ ಬಾಯಿಯಿಂದ ಒಳಗೆ ಬರಬೇಕು, ಆ ಬಾಯಿಗೆ ತೊಳೆಯಬಹುದಾದ ಸೋಸು ಜಾಲರಿ ಇರಬೇಕು. ಒಳಗೆ ತಳ್ಳುವ ಗಾಳಿ ಹೊರಗೆ ಎಳೆಯುವುದಕ್ಕಿಂತ ತುಸು ಹೆಚ್ಚಿರಬೇಕು. ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದು, ತಗಡಿನ ಜೋಡಣೆಯ ಸಂದಿಗಳಿಂದೆಲ್ಲ ಗಾಳಿ ಹೊರಕ್ಕೆ ಸೋರುತ್ತದೆ, ಧೂಳು ಒಳಕ್ಕೆ ಬರುವುದಿಲ್ಲ. ಫ್ಯಾನುಗಳನ್ನೆಲ್ಲ ಹಿಂದೆ ಹಾಕಿ ಹೊರಗೆಳೆಯಲು ಬಿಟ್ಟರೆ ಪೆಟ್ಟಿಗೆ ಪ್ರತಿ ಸಂದಿಯಿಂದಲೂ ಧೂಳು ಕುಡಿಯುತ್ತದೆ. ಕಡಿಮೆ ದರದ ಪೆಟ್ಟಿಗೆಗಳಲ್ಲಿ ಇರುವುದು ಒಂದೇ ಫ್ಯಾನು, ಅದೂ ಹಿಂದೆ. ಅದನ್ನು ಬಿಚ್ಚಿ ಮುಂದಕ್ಕೆ ತಂದು ಜಾಲರಿ ಹಾಕಿದರೆ ಅದೇ ಪೆಟ್ಟಿಗೆ ಹೆಚ್ಚು ಸ್ವಚ್ಛ ಉಳಿಯುತ್ತದೆ. ಇದಕ್ಕೆ ಅಲ್ಯೂಮಿನಿಯಮ್ಮೂ ಬೇಡ, ಹೆಚ್ಚಿನ ಹಣವೂ ಬೇಡ.

ಜಾಲರಿ ಮುಂದಿನಿಂದಲೇ ಎಳೆದು ತೆಗೆಯುವಂತಿರಬೇಕು. ಪೆಟ್ಟಿಗೆಯನ್ನು ಹೊರಳಿಸಿ, ವೈರು ಬಿಚ್ಚಿ, ಸ್ಕ್ರೂ ತೆಗೆದು ತೊಳೆಯಬೇಕಾದ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ. ಹಿಂದುಗಡೆಯ ಕಾರ್ಡು ಕಿಂಡಿಗಳ ಮುಚ್ಚಳ ಮುರಿದು ತೆಗೆಯುವಂಥದ್ದಲ್ಲ, ಸ್ಕ್ರೂ ಹಾಕಿ ಕೂರಿಸುವಂಥದ್ದಿರಬೇಕು. ಒಮ್ಮೆ ಮುರಿದ ಕಿಂಡಿ ಇಲಿಗೂ ಹಲ್ಲಿಗೂ ಹೆಬ್ಬಾಗಿಲು. ಶೇಂಗಾ ಚೀಲ ಇಟ್ಟ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ಇಲಿ ವೈರಿಗೆ ಏನು ಮಾಡುತ್ತದೆ ಎಂಬುದು ಗೊತ್ತಿದೆ.

ಮುಟ್ಟಿದರ ಜುಮ್ ಅಂತೈತಿ

ಲೋಹದ ಪೆಟ್ಟಿಗೆಯ ಬಗ್ಗೆ ಹಳ್ಳಿಗಳಲ್ಲಿ ಕೇಳುವ ದೂರು ಧೂಳಿನದಲ್ಲ, ಜುಮ್ಮೆನ್ನುವುದು. ಬರಿಗಾಲಲ್ಲಿ ನಿಂತು ಪೆನ್‌ಡ್ರೈವ್ ಹಾಕಲು ಹೋದರೆ ಬೆರಳಿಗೆ ಇರುವೆ ಕಚ್ಚಿದಂತಾಗುತ್ತದೆ. ಇದರ ಕಾರಣ ಎಸ್‌ಎಂಪಿಎಸ್ ಒಳಗಿದೆ. ವಿದ್ಯುತ್ತಿನ ಗದ್ದಲ ಸೋಸಲು ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಹೀಗೆ ಎರಡು ಚಿಕ್ಕ ಕೆಪ್ಯಾಸಿಟರುಗಳನ್ನು ಪೆಟ್ಟಿಗೆಯ ಲೋಹಕ್ಕೆ ಕಟ್ಟಿರುತ್ತಾರೆ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಭೂಮಿಗೆ ಸೇರಿದ್ದರೆ ಆ ಸೋರಿಕೆ ಸುಮ್ಮನೆ ನೆಲಕ್ಕಿಳಿಯುತ್ತದೆ. ಸೇರಿರದಿದ್ದರೆ ಪೆಟ್ಟಿಗೆಯ ಮೈ 230 ವೋಲ್ಟಿನ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ, ತೇಲಿ ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಜೀವಕ್ಕೆ ಅಪಾಯವಿಲ್ಲ. ಯುಎಸ್‌ಬಿ, ಪ್ರಿಂಟರ್, ಮಾನಿಟರ್ ಕೇಬಲ್ ಚುಚ್ಚುವ ಹೊತ್ತಿಗೆ ಮಾತ್ರ ಆ ತೇಲುವ ವೋಲ್ಟೇಜು ಚಿಪ್ಪಿನ ಮೂಲಕ ದಾರಿ ಹುಡುಕುತ್ತದೆ, ಪೋರ್ಟು ಸುಡಬಹುದು. ಮೇಲಾಗಿ, ಭೂಮಿಯ ಸಂಪರ್ಕವೇ ಇಲ್ಲದ ಪೆಟ್ಟಿಗೆಯಲ್ಲಿ ನಿಜವಾದ ದೋಷ ಬಂದು ಫೇಸು ನೇರ ಮೈಗೆ ತಗುಲಿದರೆ ಅದು ಕೊಲ್ಲಬಲ್ಲದು.

ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಇಲ್ಲೊಂದು ಮೋಸ ಅಡಗಿದೆ. ಈ ಲೋಹದ ಮೇಲ್ಮೈಯನ್ನು ಆನೋಡೈಸ್ ಮಾಡುತ್ತಾರೆ. ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯಲ್ಲಿ ಇಳಿಸಿ ಏಕಮುಖ ವಿದ್ಯುತ್ ಹಾಯಿಸಿದರೆ ಮೇಲ್ಮೈ ತಾನೇ ಗಟ್ಟಿ ಆಕ್ಸೈಡ್ ಪದರವಾಗಿ ಬೆಳೆಯುತ್ತದೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ ತುಂಬಿ ಬಿಸಿ ನೀರಿನಲ್ಲಿ ಬಾಯಿ ಮುಚ್ಚಿಸುತ್ತಾರೆ. ಹತ್ತಿಪ್ಪತ್ತು ಮೈಕ್ರಾನ್ ದಪ್ಪದ ಆ ಪದರ ಬಣ್ಣದಂತೆ ಸುಲಿಯುವುದಿಲ್ಲ, ಲೋಹದ್ದೇ ಭಾಗ. ಅದು ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ಹೀಗಾಗಿ ಆನೋಡೈಸ್ ಆದ ಬದಿಯನ್ನು ಮುಟ್ಟಿದರೆ ಬಹಳ ಸಲ ಏನೂ ಆಗದು, ಎಲ್ಲ ಸರಿಯಿದೆ ಎನ್ನಿಸುತ್ತದೆ. ಸ್ಕ್ರೂ ಮುಟ್ಟಿದಾಗ, ಗೀರು ಬಿದ್ದ ಅಂಚು ಮುಟ್ಟಿದಾಗ ಜುಮ್ಮೆನ್ನುತ್ತದೆ. ಬಣ್ಣ ಬಳಿಯದ ಉಕ್ಕಿನ ಪೆಟ್ಟಿಗೆ ತನ್ನ ದೋಷವನ್ನು ಸುಲಭವಾಗಿ ಹೇಳಿಬಿಡುತ್ತದೆ, ಇದು ಮುಚ್ಚಿಡುತ್ತದೆ.

ಮತ್ತೊಂದು ಪರಿಣಾಮವೂ ಇದೆ. ಎರಡು ಆನೋಡೈಸ್ ಫಲಕಗಳನ್ನು ಒತ್ತಿ ಸ್ಕ್ರೂ ಹಾಕಿದರೂ ಅವು ವಿದ್ಯುತ್ತಿನ ಲೆಕ್ಕಕ್ಕೆ ಬೇರೆ ಬೇರೆಯಾಗಿಯೇ ಉಳಿಯಬಹುದು. ಒಂದಕ್ಕೆ ಭೂಮಿ ಸಿಕ್ಕಿ ಇನ್ನೊಂದು ತೇಲುತ್ತಿರಬಹುದು. ಒಳ್ಳೆಯ ತಯಾರಕರು ಜೋಡಣೆಯ ಜಾಗದಲ್ಲಿ ಪದರವನ್ನು ಕೆರೆದಿರುತ್ತಾರೆ, ಹಲ್ಲಿನ ವಾಷರ್ ಹಾಕುತ್ತಾರೆ, ಬಾಗಿಲಿಗೆ ಹೆಣೆದ ತಂತಿ ಕಟ್ಟುತ್ತಾರೆ. ಕೊಳ್ಳುವ ಮುಂಚೆ ಮಲ್ಟಿಮೀಟರ್ ಹಿಡಿದು ಎಸ್‌ಎಂಪಿಎಸ್ ಮೈಯಿಂದ ಪ್ರತಿ ಫಲಕದ ಸ್ಕ್ರೂವಿಗೆ, ಬಾಗಿಲಿನ ಒಳಗಿನ ಬರಿಯ ಲೋಹಕ್ಕೆ ಸಂಪರ್ಕ ಇದೆಯೇ ನೋಡಿ. ಬೀಪ್ ಎನ್ನದಿದ್ದರೆ ಆ ಪೆಟ್ಟಿಗೆ ಎಷ್ಟೇ ಹೊಳೆಯಲಿ, ಹಳ್ಳಿಗೆ ಅದು ಬೇಡ.

ಭೂಮಿಯ ಸಂಪರ್ಕ ಎಂದ ಮೇಲೆ ಮತ್ತೆ ಎರಿ ಮಣ್ಣೇ. ತೇವವಿದ್ದಾಗ ಇದು ಅರ್ಥಿಂಗಿಗೆ ಉತ್ತಮ ಮಣ್ಣು. ಅರ್ಥಿಂಗ್ ಗುಂಡಿಗೆ ತುಂಬಲು ಚೀಲದಲ್ಲಿ ಮಾರುವ ಬೆಂಟೋನೈಟ್ ಕೂಡ ಇದೇ ಸ್ಮೆಕ್ಟೈಟ್ ಬಳಗದ ಜೇಡಿ. ಆದರೆ ಏಪ್ರಿಲ್‌ನಲ್ಲಿ ಕೈ ಹಿಡಿಸುವಷ್ಟು ಅಗಲ ಬಿರುಕು ಬಿಟ್ಟಾಗ ಮಣ್ಣು ಕೊಳವೆಯನ್ನು ಬಿಟ್ಟು ದೂರ ಸರಿಯುತ್ತದೆ, ಸಂಪರ್ಕ ಕಡಿಮೆಯಾಗುತ್ತದೆ. ಹಳೆಯ ಮಂದಿ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ಕೊಡ ನೀರು ಹೊಯ್ಯುತ್ತಿದ್ದರು. ಅದನ್ನು ಬಿಡಬಾರದು. ಅಳೆಯುವುದಾದರೂ ಬೇಸಿಗೆಯ ತುದಿಯಲ್ಲೇ ಅಳೆಯಬೇಕು. ಮಳೆಗಾಲದ ಅಳತೆ ನಂಬಿದರೆ ಕೆಟ್ಟಿತು.

ಫ್ಯಾನಿಲ್ಲದ ಪೆಟ್ಟಿಗೆ

ಹಾಗಾದರೆ ಅಲ್ಯೂಮಿನಿಯಂಗೆ ಕೊಡುವ ಹೆಚ್ಚಿನ ಹಣ ದಂಡವೇ? ಒಂದು ಕಡೆ ಅಲ್ಲ, ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ. ಪೆಟ್ಟಿಗೆಯೇ ಹೀಟ್‌ಸಿಂಕ್ ಆದಾಗ ಈ ಲೋಹ ತನ್ನ ಬೆಲೆಯನ್ನು ಪೂರ್ತಿ ತೀರಿಸುತ್ತದೆ.

ಮೇಲಿನ ಲೆಕ್ಕದಲ್ಲಿ ಶಾಖ ತಗಡಿನ ದಪ್ಪವನ್ನು ದಾಟುತ್ತಿತ್ತು, ಅಲ್ಲಿ ಲೋಹಕ್ಕೆ ಕೆಲಸವಿರಲಿಲ್ಲ. ಪ್ರೊಸೆಸರಿನ ಬೆರಳಗಲದ ಜಾಗದಿಂದ ಹೊರಟ ಶಾಖ ಇಡೀ ಪೆಟ್ಟಿಗೆಯ ಮೈಗೆ ಹರಡಬೇಕಾದಾಗ ಅದು ಲೋಹದ ಉದ್ದಕ್ಕೆ ಸಾಗಬೇಕು. ಅಲ್ಲಿ ಉಕ್ಕು ಸೋಲುತ್ತದೆ. ಪ್ರೊಸೆಸರಿನ ಮೇಲೆ ತಾಮ್ರದ ಗಟ್ಟಿ, ಅದರಿಂದ ಹೊರಟ ಹೀಟ್ ಪೈಪುಗಳು, ಅಂದರೆ ಒಳಗೆ ತುಸು ನೀರಿದ್ದು ಆವಿಯಾಗಿ ತುದಿಯಲ್ಲಿ ತಣಿದು ಹಿಂದಿರುಗುವ ಮುಚ್ಚಿದ ತಾಮ್ರದ ಕೊಳವೆಗಳು, ದಪ್ಪ ಅಲ್ಯೂಮಿನಿಯಂ ಬದಿಗಳಿಗೆ ಕಚ್ಚಿರುತ್ತವೆ. ಆ ಬದಿಗಳ ಹೊರಗೆ ನೆಟ್ಟಗೆ ನಿಂತ ರೆಕ್ಕೆಗಳು. ಬಿಸಿ ಗಾಳಿ ತಾನೇ ಮೇಲೇರುತ್ತದೆ. ಫ್ಯಾನಿಲ್ಲ, ಆದ್ದರಿಂದ ಒಳಗೆ ಗಾಳಿಯನ್ನು ಎಳೆಯುವ ಬಾಯಿಯೇ ಬೇಡ. ದಿನಕ್ಕೆ 150 ಘನ ಮೀಟರ್ ಧೂಳು ಗಾಳಿಯನ್ನು ಹೊಟ್ಟೆಗೆ ಹಾಕಿಕೊಳ್ಳುವ ಪ್ರಮೇಯ ತಪ್ಪುತ್ತದೆ.

ಸಾಧ್ಯವೇ ಎಂಬುದಕ್ಕೆ ಲೆಕ್ಕ ಇಲ್ಲಿದೆ. ರೆಕ್ಕೆಗಳೂ ಸೇರಿ ಗಾಳಿಗೆ ತೆರೆದ ಮೈ ಪರಿಣಾಮಕಾರಿಯಾಗಿ 0.3 ಚದರ ಮೀಟರ್ ಇದ್ದು, ಯಂತ್ರ 40 ವ್ಯಾಟ್ ಶಾಖ ಬಿಟ್ಟರೆ, ಪೆಟ್ಟಿಗೆಯ ಮೈ ಕೋಣೆಗಿಂತ ಹದಿಮೂರು ಹದಿನಾಲ್ಕು ಡಿಗ್ರಿ ಮೇಲಿರುತ್ತದೆ. ಮೇ ತಿಂಗಳಲ್ಲಿ ಪತ್ರಾಸಿನ, ಅಂದರೆ ತಗಡಿನ ಚಾವಣಿಯ, ಕೋಣೆ 40 ಡಿಗ್ರಿ ಮುಟ್ಟಿದರೂ ಮೈ 54, ಒಳಗಿನ ಪ್ರೊಸೆಸರ್ 75ರ ಆಸುಪಾಸು. ಈಗಿನ ಪ್ರೊಸೆಸರುಗಳಲ್ಲಿ ಬಹಳಷ್ಟು 100 ಡಿಗ್ರಿಯ ಆಸುಪಾಸಿನ ತನಕ ತಡೆಯುವಂತೆ ಮಾಡಿದವು. 35 ವ್ಯಾಟ್ ದರ್ಜೆಯ ಪ್ರೊಸೆಸರ್, ಎಸ್‌ಎಸ್‌ಡಿ ಡಿಸ್ಕು, ಪ್ರತ್ಯೇಕ ಗ್ರಾಫಿಕ್ ಕಾರ್ಡಿಲ್ಲದ ಯಂತ್ರ, ಇಷ್ಟಿದ್ದರೆ ಉತಾರ, ಅರ್ಜಿ, ‘ನುಡಿ’ ಕನ್ನಡ ತಂತ್ರಾಂಶ, ಎಕ್ಸೆಲ್, ಮಕ್ಕಳ ಪಾಠ ಎಲ್ಲವೂ ನಡೆಯುತ್ತವೆ.

ಆನೋಡೈಸಿಂಗ್ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬರಿ ಹೊಳೆಯುವ ಅಲ್ಯೂಮಿನಿಯಂ ಶಾಖವನ್ನು ವಿಕಿರಣವಾಗಿ ಬಿಡುವುದರಲ್ಲಿ ಬಹಳ ಜಿಪುಣ, ಕಪ್ಪು ಕಾಯ ಬಿಡುವುದರಲ್ಲಿ ಹತ್ತರಲ್ಲಿ ಒಂದು ಪಾಲೂ ಬಿಡುವುದಿಲ್ಲ. ಆನೋಡೈಸ್ ಆದ ಮೈ ಹತ್ತರಲ್ಲಿ ಎಂಟು ಪಾಲು ಬಿಡುತ್ತದೆ. ಫ್ಯಾನಿಲ್ಲದ ಪೆಟ್ಟಿಗೆಯಿಂದ ಹೊರಡುವ ಶಾಖದಲ್ಲಿ ಗಣನೀಯ ಪಾಲು ವಿಕಿರಣವೇ ಆದ್ದರಿಂದ ಇದು ಸಣ್ಣ ಮಾತಲ್ಲ. ಬಣ್ಣ ಕಪ್ಪೋ ಬಿಳಿಯೋ ಎಂಬುದು ಲೆಕ್ಕಕ್ಕಿಲ್ಲ. ಆ ಪದರ ಇದೆಯೋ ಇಲ್ಲವೋ ಎಂಬುದು ಮುಖ್ಯ.

ಇನ್ನೊಂದು ಅನುಕೂಲ ವಿದ್ಯುತ್ತಿನದು. ಇಂಥ ಯಂತ್ರಗಳಲ್ಲಿ ಬಹಳಷ್ಟು 12 ಅಥವಾ 19 ವೋಲ್ಟಿನ ಡಿಸಿಯಲ್ಲಿ ನಡೆಯುತ್ತವೆ. ಮಾಳಿಗೆಯ ಸೌರಫಲಕದಿಂದ ಬ್ಯಾಟರಿಗೆ, 12 ವೋಲ್ಟಿನದಾದರೆ ಬ್ಯಾಟರಿಯಿಂದ ಹೆಚ್ಚುಕಡಿಮೆ ನೇರವಾಗಿಯೇ ಯಂತ್ರಕ್ಕೆ ಕೊಡಬಹುದು. 230 ವೋಲ್ಟಿಗೆ ಏರಿಸಿ ಮತ್ತೆ ಇಳಿಸುವ ದಂಡ ತಪ್ಪುತ್ತದೆ, ಯುಪಿಎಸ್ ಬೇಡ, ಜುಮ್ಮೆನ್ನುವ ಕಾಟವೂ ಬಹುಪಾಲು ಹೋಗುತ್ತದೆ. 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೋ ಸಂಸ್ಥೆ ನಮ್ಮ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಸೌರಶಕ್ತಿಯಿಂದ ಡಿಜಿಟಲ್ ಪಾಠ ನಡೆಸಿ ತೋರಿಸಿದೆ. ಆ ಕೆಲಸಕ್ಕೆ ಇಂಥ ಪೆಟ್ಟಿಗೆ ಜೋಡಿಯಾದರೆ ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಬೀಳುವ ದಿನಗಳು ಕಡಿಮೆಯಾಗುತ್ತವೆ.

ಮೌನವೂ ಒಂದು ಗುಣ. ಕುಂದಗೋಳ ಎಂದರೆ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ನಾಡಿಗೇರ ವಾಡೆಯ ಸಂಗೀತದ ಊರು. ಈ ಸೀಮೆಯಲ್ಲಿ ಮನೆಯಲ್ಲೇ ಹಾಡು, ಭಜನೆ, ಗೀಗೀಪದ ರೆಕಾರ್ಡ್ ಮಾಡಲು ಬಯಸುವ ಹುಡುಗರು ಇದ್ದಾರೆ. ತಂಬೂರಿಯ ಹಿಂದೆ ಫ್ಯಾನಿನ ಸದ್ದು ಸೇರದ ಕಂಪ್ಯೂಟರ್ ಅವರಿಗೆ ಬೇಕೇ ಬೇಕು.

ಹುಬ್ಬಳ್ಳಿಯಲ್ಲೇ ಆಗುವ ಕೆಲಸ

ಹೊರದೇಶದಿಂದ ಬರುವ ಇಂಥ ಪೆಟ್ಟಿಗೆಗಳ ದರ ಕೇಳಿದರೆ ಪಂಚಾಯಿತಿ ಹಿಂದೆ ಸರಿಯುತ್ತದೆ. ಮಾಮೂಲಿ ತಗಡಿನ ಕ್ಯಾಬಿನೆಟ್ಟಿನ ಎಷ್ಟೋ ಪಟ್ಟು. ಆದರೆ ಅದರಲ್ಲಿರುವ ಸಾಮಾನು ನಮಗೆ ಹೊಸದಲ್ಲ. ಕಿಟಕಿ, ಅಂಗಡಿಯ ಮುಂಗಟ್ಟು, ಆಫೀಸಿನ ಪಾರ್ಟಿಶನ್ ಮಾಡುವ ‘ಅಲ್ಯೂಮಿನಿಯಂ ಸೆಕ್ಷನ್’ ಅಂಗಡಿಗಳು ಹುಬ್ಬಳ್ಳಿಯಲ್ಲಿವೆ, ಕುಂದಗೋಳದಂಥ ಊರುಗಳಿಗೂ ಬಂದಿವೆ. ಅವರು ಕತ್ತರಿಸುವ ಪಟ್ಟಿ ಬಹುಮಟ್ಟಿಗೆ 6063 ಎಂಬ ಮಿಶ್ರಲೋಹ, ಮೆಗ್ನೀಸಿಯಂ ಸಿಲಿಕಾನ್ ತುಸು ಸೇರಿಸಿ ಅಚ್ಚಿನಿಂದ ಒತ್ತಿ ತೆಗೆದದ್ದು. ಹೀಟ್‌ಸಿಂಕಿನ ರೆಕ್ಕೆಪಟ್ಟಿಗೆ ಬಳಸುವುದೂ ಅದನ್ನೇ. ಬದಿಗಳ ತಗಡಿಗೆ 5052 ಎಂಬುದನ್ನು ಕೇಳಬೇಕು. ಅದು ಬಿರಿಯದೆ ಮಡಚುತ್ತದೆ. ಹೆಚ್ಚು ಗಟ್ಟಿ ಎಂದು 6061 ತಂದರೆ ಚೂಪಾಗಿ ಮಡಚಿದಲ್ಲಿ ಸೀಳುತ್ತದೆ.

ವೆಲ್ಡಿಂಗ್ ಗೋಜಿಗೆ ಹೋಗಬಾರದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಎರಡು ಸಾವಿರ ಡಿಗ್ರಿ ದಾಟಬೇಕು. ಆರ್ಗಾನ್ ಅನಿಲವಿಟ್ಟು ಮಾಡುವ ಟಿಗ್ ವೆಲ್ಡಿಂಗ್ ಬಲ್ಲವರು ಕಡಿಮೆ. ರಿವೆಟ್ ಮತ್ತು ಸ್ಕ್ರೂ ಸಾಕು. ಸ್ಕ್ರೂವಿನ ಹಲ್ಲನ್ನು ಅಲ್ಯೂಮಿನಿಯಮ್ಮಿನಲ್ಲೇ ಕೊರೆದರೆ ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆದುಹೋಗುತ್ತದೆ, ಆದ್ದರಿಂದ ಬಾಗಿಲು ಮತ್ತು ಬೋರ್ಡು ಕೂರುವಲ್ಲಿ ಉಕ್ಕಿನ ರಿವೆಟ್ ನಟ್, ಹಿತ್ತಾಳೆಯ ಕಾಲು ಇರಲಿ. ಗೋಕುಲ ರೋಡ್, ತಾರಿಹಾಳ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಕತ್ತರಿಸಿ ಮಡಚುವ ಕೆಲಸ ಹೊಸದಲ್ಲ. ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ, ಹುಬ್ಬಳ್ಳಿಯಲ್ಲಿ 1947ರಲ್ಲಿ ಬಿವಿಬಿ ಕಾಲೇಜಾಗಿ ಹುಟ್ಟಿ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾದ ಸಂಸ್ಥೆ ಇದೆ. ಬಿಇ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. ಪೆಟ್ಟಿಗೆಯನ್ನು ಪರೀಕ್ಷಿಸುವ ಪ್ರಯೋಗಾಲಯ ದೂರವೂ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು ಕಡೆಯ ಪ್ಯಾಸೆಂಜರ್ ಗಾಡಿ ಹತ್ತಿದರೆ ಕುಂದಗೋಳ ಆದ ಮೇಲಿನ ನಿಲ್ದಾಣವೇ ಸಂಶಿ.

ಒಂದು ಪೆಟ್ಟಿಗೆಗೆ ಮೂರು ಕಿಲೋ ಲೋಹ ಹಿಡಿದರೆ ಗಣಿಯಿಂದ ಹೊಸದಾಗಿ ಬಂದ ಲೋಹದ ಲೆಕ್ಕದಲ್ಲಿ 40 ಯೂನಿಟ್ ವಿದ್ಯುತ್ ಅದರಲ್ಲಿ ಅಡಗಿರುತ್ತದೆ. ಅದೇ ಲೋಹವನ್ನು ಕರಗಿಸಿ ಮತ್ತೆ ಬಳಸಲು ಅದರ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ ಸಾಕು. ಗುಜರಿಯವನು ಹಳೆಯ ಕಿಟಕಿಯ ಸೆಕ್ಷನ್ನಿಗೆ ಒಳ್ಳೆಯ ದರ ಕೊಟ್ಟು, ಕಂಪ್ಯೂಟರಿನ ತಗಡಿಗೆ ಮುಖ ಸಿಂಡರಿಸುವುದು ಇದೇ ಕಾರಣಕ್ಕೆ. ಬೋರ್ಡು ಐದಾರು ವರ್ಷಕ್ಕೆ ಹಳತಾದರೂ ಎಟಿಎಕ್ಸ್ ಬಳಗದ ತೂತುಗಳ ಅಳತೆ ಬದಲಾಗಿಲ್ಲ. ಪೆಟ್ಟಿಗೆ ಮೂರು ತಲೆಮಾರಿನ ಬೋರ್ಡುಗಳಿಗೆ ಮನೆಯಾಗಬಲ್ಲದು.

ಮಾಡಲು ಹೊರಡುವವರಿಗೆ ನಕ್ಷೆಯ ಅಳತೆ ಇಷ್ಟು: ಬೋರ್ಡು ಮಿನಿ ಐಟಿಎಕ್ಸ್, 170 ಮಿಲಿಮೀಟರ್ ಚೌಕ. ಎರಡೂ ಬದಿಗೆ ನೆಟ್ಟಗಿನ ರೆಕ್ಕೆಗಳಿರುವ 6063 ಪಟ್ಟಿ, ತಳ ಮತ್ತು ಮೇಲ್ಮುಚ್ಚಳ ಒಂದೂವರೆ ಮಿಲಿಮೀಟರ್ 5052. ಮೇಲ್ಮುಚ್ಚಳದಲ್ಲಿ ತೂತು ಬೇಡ, ಪತ್ರಾಸಿನಿಂದ ಹನಿ ಬೀಳುತ್ತದೆ. ಯುಎಸ್‌ಬಿ ಬಾಯಿಗಳಿಗೆ ರಬ್ಬರ್ ಮುಚ್ಚಳ. ಗೋಡೆಗೆ ನೇತುಹಾಕಲು ಹಿಂದೆ ಎರಡು ಕಿಂಡಿ, ನೆಲದಿಂದ ಮೂರಡಿ ಮೇಲೆ, ರೆಕ್ಕೆಗಳು ಮೇಲೆ ಕೆಳಗೆ ಮುಖ ಮಾಡಿ. ಹಿಂಬದಿಯಲ್ಲಿ ಆನೋಡೈಸ್ ಪದರ ಕೆರೆದು ಕೂರಿಸಿದ ಒಂದು ಹಿತ್ತಾಳೆಯ ಬೋಲ್ಟು, ಅದರ ಪಕ್ಕದಲ್ಲಿ ಭೂಮಿಯ ಗುರುತು, ಅಲ್ಲಿಂದ ಅರ್ಥಿಂಗ್ ಗುಂಡಿಯ ತನಕ ಹಸಿರು ತಂತಿ.